ಹೋಬರ್ಟನ ಟ್ರಿಗರ್

ಮೈದುನ ಎಲ್ಡನ್ ಗೋಡೆಯ ಗೂಟದಿಂದ ರೈಫಲನ್ನು ಇಳಿಸಿದಾಗ ಆರ್ಫಾಳ ಕೈಯಲ್ಲಿ ಕಾಫಿಯ ಕೆಟಲ್ ಇತ್ತು. ಅದನ್ನೆಲ್ಲಿ ಇಡಬೇಕೆಂದು ತೋಚದೆ, ಹಿಡಿದುಕೊಂಡೇ ಅವನ ಹಿಂದೆ ಜಗಲಿಯ ಕಡೆ ಹೊರಟಳು.

ನಡುಮನೆಯಲ್ಲಿ ಅವಳ ಗಂಡ ಹೋಬರ್ಟ್ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ. ಎದುರಿನ ಗುಡ್ಡದಲ್ಲಿ ನೆಂಟರ ಹುಡುಗರು ಅವನಿಗಾಗಿ ಗುಂಡಿ ತೋಡುತ್ತಿದ್ದರು. ಸಲಿಕೆ ಕಲ್ಲಿಗೆ ತಾಗುವ ಸದ್ದು ಲಾರೆಲ್ ತೊರೆಯ ಕಣಿವೆಯುದ್ದಕ್ಕೂ ಕೇಳುತ್ತಿತ್ತು.

ಬಾಗಿಲಲ್ಲಿ ಬೋಧಕ ಆಮೋಸ್ ಅವಳನ್ನು ತಡೆದರು. "ಸೋದರಿ, ಅಷ್ಟು ನೋವಿದ್ರೂ ಹೋಬರ್ಟ್ ಒಂದು ದಿನಾನೂ ಎದೆಗುಂದಲಿಲ್ಲ ಅಂತ ಪ್ರಾರ್ಥನೇಲಿ ಹೇಳ್ತೀನಿ. ಆಗಬಹುದಾ?"

"ಸ್ವಲ್ಪ ತಡೀರಿ, ಬೋಧಕರೇ."

"ಹೊತ್ತಾಗ್ತಿದೆಯಮ್ಮ."

"ಗೊತ್ತು. ತಡೀರಿ."

ದೇವರ ಮುಂದೆ, ಹೆಣದ ಮುಂದೆ ಸುಳ್ಳಾಡಿಸಬಾರದು. ಆದರೆ ನಿಜ ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ಅದು ಆ ರೈಫಲಿನ ಹೊಟ್ಟೆಯಲ್ಲಿತ್ತು. ಹೋಬರ್ಟ್ ತಾನೇ ರೈಫಲನ್ನು ಗೂಟಕ್ಕೆ ನೇತುಹಾಕಿದ ದಿನದಿಂದ ಇವತ್ತಿನವರೆಗೆ ಅದರ ಧೂಳನ್ನೂ ಅವಳು ಒರೆಸಿರಲಿಲ್ಲ.

* * *

ಅವಳು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ ಕಾಲದಲ್ಲಿ, ಗಣಿಯ ಮೊದಲ ಸಂಬಳ ತೆಗೆದುಕೊಂಡು ಹೋಬರ್ಟ್ ಅಳಿಲು ಬೇಟೆಗೊಂದು ರೈಫಲ್ ಕೊಳ್ಳಲು ಬಂದಿದ್ದ. ಅಂಗಡಿಯಲ್ಲಿದ್ದವನ್ನೆಲ್ಲ ಸಾಲಾಗಿ ಇಡಿಸಿ, ಕಣ್ಣು ಮುಚ್ಚಿ ಒಂದೊಂದರ ಟ್ರಿಗರನ್ನೂ ಎಳೆದು ನೋಡಿದ. ಎಳೆಯುವ ಮುಂಚೆ ಜೇಬಿನಿಂದ ಗುಂಡು ಹಾರಿಹೋದ ಒಂದು ಖಾಲಿ ತೋಟಾ ತೆಗೆದು ಒಳಗಿಡುತ್ತಿದ್ದ.

"ಅದ್ಯಾಕೆ?" ಎಂದು ಕೇಳಿದ್ದಳು.

"ಈ ಪುಟ್ಟ ತೋಟಾದ ಬಂದೂಕಲ್ಲಿ ಗುಂಡು ಸಿಡಿಸೋ ಮೊಳೆ ಬಂದು ಹೊಡೆಯೋದು ತೋಟಾದ ಅಂಚಿಗೆ. ಒಳಗೆ ಏನೂ ಇಲ್ದಿದ್ರೆ ನಳಿಗೆಯ ಹಿಂಬದಿ ಬಾಯಿಗೇ ಪೆಟ್ಟು."

"ಹಿಡಿಯ ಮರ ನೋಡಲ್ವಾ? ಎಷ್ಟು ಚೆನ್ನಾಗಿದೆ."

"ಮರ ನೋಡೋಕೆ ಕಾಡಿದೆ," ಎಂದವನು ಕಣ್ಣು ಬಿಟ್ಟ. "ಟ್ರಿಗರ್ ಬಿಟ್ಕೊಳ್ಳೋದು ಬೆರಳಿಗೇ ಗೊತ್ತಾಗಬಾರ್ದು. ಗೊತ್ತಾದ್ರೆ ಬೆರಳು ಹೆದರುತ್ತೆ."

ಎಲ್ಲಕ್ಕಿಂತ ಅಗ್ಗದ್ದನ್ನು, ಒಂದೇ ಗುಂಡಿನದ್ದನ್ನು ಆರಿಸಿದ. ಮದುವೆಯಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿ, ಟ್ರಿಗರ್ ಕಚ್ಚಿಕೊಳ್ಳುವ ಜಾಗವನ್ನು ನುಣ್ಣನೆಯ ಸಾಣೆಕಲ್ಲಿನಿಂದ ಉಜ್ಜುತ್ತಿದ್ದ. ಆಮೇಲೆ ಟ್ರಿಗರಿಗೆ ಒಂದು ಡಬ್ಬಿ ತೂಗುಬಿಟ್ಟು, ಅದು ಬಿಟ್ಟುಕೊಳ್ಳುವವರೆಗೆ ಜೋಳದ ಕಾಳು ಸುರಿಯುವುದು ಆರ್ಫಾಳ ಕೆಲಸ. ಅರ್ಧ ಡಬ್ಬಿಗೆ ಟಕ್ ಎಂದ ದಿನ ಅವಳನ್ನೆತ್ತಿ ಒಂದು ಸುತ್ತು ತಿರುಗಿಸಿದ್ದ. ಊರವರ ರೈಫಲುಗಳೂ ಆ ಮೇಜಿಗೆ ಬಂದವು. ಪಕ್ಕದ ಮನೆಯ ಗಾರ್ಲೆಂಡ್ ಇನ್ನೂ ಹಗುರ ಮಾಡಿಕೊಡೆಂದು ಗೋಗರೆದಾಗ ಮಾತ್ರ ಒಪ್ಪಿರಲಿಲ್ಲ.

"ಇದಕ್ಕೂ ಹಗುರ ಬೇಕಂದ್ರೆ ಸ್ಪ್ರಿಂಗ್ ಕತ್ತರಿಸ್ಬೇಕು. ಕತ್ತರಿಸಿದ್ರೆ ಮೊಳೆ ಏಟು ಸಾಲಲ್ಲ. ತೋಟಾಗೊಂದು ಗುಳಿ ಬೀಳುತ್ತೆ, ಸಿಡಿಯಲ್ಲ. ಅಳಿಲು ನಿನ್ನ ನೋಡಿ ನಗುತ್ತೆ."

ಗಣಿಯ ಧೂಳು ಎದೆಯಲ್ಲಿ ಕೂತು ಬೆರಳುಗಳ ಬಲ ಹೋದಾಗ, ಹೋದ ಚಳಿಗಾಲ, ತನ್ನ ರೈಫಲಿನ ಸ್ಪ್ರಿಂಗನ್ನೇ ಅವನು ಕತ್ತರಿಸಿದ. ಕಾಳು ಹಾಕಲು ಆರ್ಫಾ ಹೋದಳು. ಒಂದು ಹಿಡಿಗೇ ಟಕ್ ಎಂದಿತು. ಈ ಸಲ ಅವನು ನಗಲಿಲ್ಲ.

* * *

ಸಾಯುವ ಹಿಂದಿನ ವಾರ ಒಂದು ಬೆಳಿಗ್ಗೆ, ರೈಫಲನ್ನು ಕೊಡು, ಒರೆಸಿಡುತ್ತೇನೆ ಎಂದು ಕೇಳಿದ. ಕೊಟ್ಟು, ಹಿಟ್ಟು ಕಲಸಲು ಒಳಗೆ ಬಂದಳು. ಉಸಿರಿಗಾಗಿ ಅವನು ಪಡುತ್ತಿದ್ದ ಪಾಡು ಗೋಡೆಯಾಚೆಯಿಂದ ಕೇಳುತ್ತಿತ್ತು. ಅದು ನಿಂತಿತು. ಆಮೇಲೆ, ಟಕ್.

ಅವಳ ಕೈ ಹಿಟ್ಟಿನಲ್ಲೇ ಉಳಿಯಿತು. ಖಾಲಿ ತೋಟಾ ಇಟ್ಟು ಬೆರಳಿಗೆ ಅಭ್ಯಾಸ ಮಾಡಿಸುತ್ತಿದ್ದಾನೆ, ಖಾಲಿಯದೇ ಎಂದು ತನಗೆ ತಾನೇ ಹೇಳಿಕೊಂಡಳು. ಬಹಳ ಹೊತ್ತಾದ ಮೇಲೆ ಗೋಡೆ ಹಿಡಿದು ನಡೆಯುವ ಹೆಜ್ಜೆ ಕೇಳಿಸಿತು, ಗೂಟಕ್ಕೆ ಮರ ತಾಗಿದ ಸದ್ದು ಕೇಳಿಸಿತು.

"ಆರ್ಫಾ, ರೊಟ್ಟಿಗೆ ಜೇನಿದ್ಯಾ?"

ಅವನು ಮತ್ತೆ ರೈಫಲ್ ಕೇಳಲಿಲ್ಲ. ತಮ್ಮನಿಂದ ಗಡ್ಡ ಹೆರೆಸಿಕೊಂಡ. ಸಂಜೆಗೊಂದು ಕೀರ್ತನೆ ಓದಿಸಿಕೊಂಡ. ಕೊನೆಯ ರಾತ್ರಿಯ ಉಸಿರಾಟ ಮೊದಲಿನದಕ್ಕಿಂತ ಘೋರವಾಗಿತ್ತು. ಅವಳ ಕೈ ಹಿಡಿದುಕೊಂಡೇ ಅದನ್ನು ಮುಗಿಸಿದ.

* * *

"ನಿಮ್ಮಣ್ಣ ಇದನ್ನ ನಂಗೆ ಮುಟ್ಟೋಕೂ ಬಿಡ್ತಿರ್ಲಿಲ್ಲ ಕಣೋ," ಎನ್ನುತ್ತಿದ್ದ ಗಾರ್ಲೆಂಡ್ ಜಗಲಿಯಲ್ಲಿ. "ನಿಂದು ಬೆರಳಲ್ಲ, ಹಸು ಕಟ್ಟೋ ಗೂಟ ಅಂತಿದ್ದ."

"ಸುಳ್ಳೇನಲ್ವಲ್ಲ," ಎಂದ ಎಲ್ಡನ್. ಅಳುವನ್ನು ತಡೆಯಲೆಂದೇ ನಗುತ್ತಿದ್ದ. "ನೋಡ್ತಿರು. ಉಸಿರು ತಾಗಿದ್ರೆ ಸಾಕು."

"ಒಳಗೆ ನೋಡಿದ್ಯಾ?"

"ಖಾಲಿ ತೋಟಾ ಇರುತ್ತೆ ಬಿಡು. ಅಣ್ಣನ ಪದ್ಧತಿ ನಂಗೊತ್ತಿಲ್ವಾ?"

ಮೊಳೆಯನ್ನು ಬಿಗಿಯುವ ಹಿಂದಿನ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿ, ರೈಫಲನ್ನು ಹೆಗಲಿಗೇರಿಸಿದ. ಆರ್ಫಾ ಹೊಸ್ತಿಲು ದಾಟುವಾಗ ನಳಿಗೆ ಗುಡ್ಡದ ಕಡೆ ತಿರುಗಿತು. ಅಲ್ಲಿ ತೋಡುವ ಹುಡುಗರ ತಲೆಗಳು ಮಣ್ಣಿನ ರಾಶಿಯ ಮೇಲೆ ಏಳುತ್ತಿದ್ದವು, ಮುಳುಗುತ್ತಿದ್ದವು.

ಒಂದು ಸಲ ಸಿಡಿಯದ ತೋಟಾ ಎರಡನೆಯ ಏಟಿಗೆ ಸಿಡಿಯುವುದುಂಟು. ಹೋಬರ್ಟನೇ ಹೇಳಿದ್ದ ಮಾತು. ಕೂಗಿದರೆ ಎಲ್ಡನ್ ಬೆಚ್ಚುತ್ತಾನೆ, ತೋಳು ಹಿಡಿದರೆ ಕೈ ಅಲುಗುತ್ತದೆ. ಆ ಟ್ರಿಗರಿಗೆ ಎರಡೂ ಹೆಚ್ಚೇ.

"ಎಲ್ಡನ್," ಎಂದಳು, ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವಂತೆ. "ಬೆರಳು ಆಚೆ ತೆಗಿಯಪ್ಪ."

"ಒಂದೇ ಒಂದು ಸಲ, ಅತ್ತಿಗೆ."

"ಮೊದ್ಲು ಬೆರಳು ತೆಗಿ. ಆಮೇಲೆ ಮಾತು."

ಅವಳ ದನಿಯಲ್ಲಿ ಏನು ಕೇಳಿಸಿತೋ, ಅವನ ಬೆರಳು ಮೆಲ್ಲಗೆ ನೆಟ್ಟಗಾಯಿತು. ಆರ್ಫಾ ಕೆಟಲನ್ನು ನೆಲಕ್ಕಿಟ್ಟು, ರೈಫಲನ್ನು ತೆಗೆದುಕೊಂಡು, ಮೂತಿಯನ್ನು ಆಕಾಶಕ್ಕೆ ಮಾಡಿ ಅದರ ಚಿಲಕ ಎಳೆದಳು. ಅಂಗೈಗೆ ಬಿದ್ದದ್ದು ಭಾರವಾಗಿತ್ತು. ತುದಿಯಲ್ಲಿ ಸೀಸವಿತ್ತು. ಅಂಚಿನಲ್ಲಿ ಎಳ್ಳಿನಷ್ಟು ಒಂದು ಗುಳಿ.

"ಅಯ್ಯೋ ದೇವ್ರೇ," ಎಂದ ಗಾರ್ಲೆಂಡ್. "ನನ್ ಮಗ ಇದಾನೆ ಅಲ್ಲಿ."

ಎಲ್ಡನ್ ಆ ಗುಳಿಯನ್ನು ನೋಡಿದ, ಅತ್ತಿಗೆಯ ಮುಖವನ್ನು ನೋಡಿದ. ಮೆಟ್ಟಿಲ ಮೇಲೆ ಕೂತ.

"ಹಳೇ ತೋಟಾ," ಎಂದ, ಗಾರ್ಲೆಂಡನಿಗೆ ಕೇಳುವಂತೆ. "ಥಂಡಿ ಹಿಡಿದಿರ್ಬೇಕು. ಅಲ್ವಾ, ಅತ್ತಿಗೆ?"

ಅವಳು ಅವನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಒಳಗೆ ನಡೆದಳು.

ಬೋಧಕರು ಬೈಬಲಿನೊಳಗೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು.

"ಎದೆಗುಂದಲಿಲ್ಲ ಅಂತ ಹೇಳ್ಬೇಡಿ, ಬೋಧಕರೇ," ಎಂದಳು. "ಎದೆಗುಂದಿದ್ರು. ಆಮೇಲೆ ಎದ್ದು ಬಂದು ರೊಟ್ಟಿಗೆ ಜೇನು ಕೇಳಿದ್ರು. ಹಾಗೆ ಹೇಳಿ."

ಆಮೋಸ್ ಅವಳ ಮುಚ್ಚಿದ ಮುಷ್ಟಿಯನ್ನು ನೋಡಿದರು. ತಲೆಯಾಡಿಸಿ ಬೈಬಲ್ ತೆರೆದರು. ಹೆಂಗಸರು ಅಡುಗೆಮನೆಯಿಂದ ಬಂದು ಗೋಡೆಗುಂಟ ನಿಂತರು. ಯಾರೋ ಹಾಡು ಎತ್ತಿಕೊಂಡರು.

ಪೆಟ್ಟಿಗೆ ಸಿಂಗರಿಸಿದವರು ಹೋಬರ್ಟನ ಬಲಗೈಯನ್ನು ಮೇಲಕ್ಕಿಟ್ಟಿದ್ದರು. ಎಷ್ಟು ತಿದ್ದಿದರೂ ಅದರ ತೋರುಬೆರಳು ಒಂಚೂರು ಬಾಗಿಯೇ ಉಳಿದಿತ್ತು. ಆರ್ಫಾ ಬಾಗಿ, ಅವನ ತಣ್ಣನೆಯ ಎಡಗೈಯನ್ನು ಎತ್ತಿ ತಂದು ಬಲಗೈಯ ಮೇಲಿಟ್ಟಳು, ಆ ಬೆರಳು ಮುಚ್ಚಿಹೋಗುವ ಹಾಗೆ.