ಯಾರೂ ನೋಡದ ಕಂಬಳಿ

ನಮ್ಮ ಮಾವ ಬೋರಣ್ಣ ನೇಯ್ದ ಕಂಬಳಿಯನ್ನು ಮೂರು ಲಕ್ಷದ ಹನ್ನೆರಡು ಸಾವಿರ ಜನ ನೋಡಿದ್ದಾರೆ. ಕೊಂಡವರು ಒಬ್ಬರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಳ್ಳಕೆರೆಯಲ್ಲಿ ಬಸ್ಸಿಳಿದರೆ ಸಾಕು, ಗುರುತಿನವರು ಯಾರಾದರೂ ಸಿಕ್ಕಿ 'ನೀನು ಫೇಮಸ್ ಆಗಿಬಿಟ್ಟೆಯಲ್ಲ ಪುಷ್ಪಲತಾ' ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ.

ನಮ್ಮದು ವರವು ಕಾವಲಿನ ಅಂಚಿನ ಹಟ್ಟಿ. ಕುರಿ ಮೇಯುತ್ತಿದ್ದ ಆ ಹುಲ್ಲುಗಾವಲಿಗೆ ಸರ್ಕಾರದ ಗೋಡೆ ಬಂದ ಮೇಲೆ ನನ್ನ ಗಂಡ ಕುರಿ ಹೊಡೆದುಕೊಂಡು ವರ್ಷದಲ್ಲಿ ಎಂಟು ತಿಂಗಳು ಆಂಧ್ರದ ಕಡೆ ಇರುತ್ತಾನೆ. ಮನೆಯಲ್ಲಿ ಉಳಿಯುವವರು ನಾನು, ಉಣ್ಣೆ ನೂಲುವ ಅತ್ತೆ ಮೂಗಮ್ಮ, ಗುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಮಾವ. ಮಾವ ನೇಯ್ದದ್ದನ್ನು ನಾನು ಸಂತೆಗೆ ಹೊರುತ್ತಿದ್ದೆ. ಜನ ಬಂದು ಎರಡು ಬೆರಳಲ್ಲಿ ಮುಟ್ಟಿ, ಚುಚ್ಚುತ್ತದೆ ಅಂತಲೋ ಕುರಿ ವಾಸನೆ ಅಂತಲೋ ಹೇಳಿ, ಪಕ್ಕದಲ್ಲಿ ಹುಲಿ ಚಿತ್ರ ಇರುವ ಮಿಲ್ ರಗ್ಗು ಕೊಂಡು ಹೋಗುತ್ತಿದ್ದರು. ಕುರಿ ಉಣ್ಣೆ ಕುರಿ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತದೆಯೇ?

ಆದರೆ ಒಂದು ಕಂಬಳಿ ಮಾತ್ರ ಸಂತೆಗೆ ಹೋಗುವಂಥದ್ದಲ್ಲ. ನಮ್ಮ ಏಳು ಹಟ್ಟಿಗೆ ಸೇರಿದ ದೇವರ ಗದ್ದುಗೆಗೆ ಮೂರು ವರ್ಷಕ್ಕೊಮ್ಮೆ ಹೊಸ ಕರಿಕಂಬಳಿ ಹಾಸಬೇಕು. ಅದನ್ನು ನೇಯುವುದು ನಮ್ಮ ಮನೆಯಲ್ಲೇ, ಮಾವನ ಮುತ್ತಾತನ ಕಾಲದಿಂದ. ಮರಿಗಳ ಮೊದಲ ಕತ್ತರಿಯ ಉಣ್ಣೆ, ಒಂದೂ ಬಿಳಿ ಎಳೆ ಇರಬಾರದು. ಮಗ್ಗದ ಸುತ್ತ ಸೀರೆ ಕಟ್ಟಿ ಮರೆ ಮಾಡಬೇಕು. ನೇಯ್ದು ಮುಗಿದ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟರೆ, ಅದನ್ನು ಬಿಚ್ಚುವುದು ಗದ್ದುಗೆಯ ಮುಂದೆಯೇ. ಮೊದಲ ಕಣ್ಣು ದೇವರದ್ದಾಗಬೇಕು. ಹಾಗಾದರೆ ನೀವು ನೋಡುತ್ತೀರಲ್ಲ ಮಾವ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ನೇಯೋನಿಗೆ ಕಣ್ಣಿರಲ್ಲವ್ವ, ಕೈ ಅಷ್ಟೆ" ಎಂದಿದ್ದರು.

ಈ ಕೆಲಸಕ್ಕೆ ಕೂಲಿ ಇಲ್ಲ. ಕಂಬಳಿ ಹಾಸುವ ದಿನ ಏಳು ಹಟ್ಟಿಯ ಜನರೆದುರು, ಗೌಡನಿಗಿಂತ ಮುಂಚೆ, ಮೊದಲ ವೀಳ್ಯ ಮಾವನಿಗೆ ಕೊಡುತ್ತಾರೆ. ಎರಡು ಎಲೆ, ಒಂದು ಅಡಿಕೆ. ಸಂತೆಯಲ್ಲಿ ಯಾರೂ ಮೂಸದ ಮುದುಕ ಅದಕ್ಕಾಗಿ ಮೂರು ವರ್ಷ ಕಾಯುತ್ತಿದ್ದರು. ಅದನ್ನು ಕಳೆದವಳು ನಾನು.

ಹೋದ ವರ್ಷ ಚಳ್ಳಕೆರೆಯಲ್ಲಿ ಕೈಕಸುಬಿನ ಹೆಂಗಸರಿಗೆ ಎರಡು ದಿನದ ತರಬೇತಿ ನಡೆಯಿತು. ಮೊಬೈಲಿನಲ್ಲಿ ಪ್ರಚಾರ ಮಾಡುವುದು ಹೇಗೆ ಅಂತ. ಒಂದು ಬ್ಯಾಗು, ಒಂದು ಪೆನ್ನು, ಮಧ್ಯಾಹ್ನಕ್ಕೆ ಪಲಾವು. ಬೆಂಗಳೂರಿನಿಂದ ಬಂದಿದ್ದ ಆಶಾ ಮೇಡಂ ಮೈಕು ಹಿಡಿದು, "ಜನ ವಸ್ತು ಕೊಳ್ಳಲ್ಲ, ಅದರ ಹಿಂದಿನ ಕಥೆ ಕೊಳ್ತಾರೆ. ನಿಮ್ಮ ಕಥೆ ತೋರಿಸಿ" ಎಂದರು. ನಾವೆಲ್ಲ ಬರೆದುಕೊಂಡೆವು. ಅಲ್ಲೇ ನನಗೆ ಮೊಳಕಾಲ್ಮೂರಿನ ಶ್ರೀವಾಣಿ ಸಿಕ್ಕಿದ್ದು. ಅವಳ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗು, ಬಾಯಿ ತುಂಬ ನಗು. ಅವಳೇ ನನಗೆ ಪೇಜು ಮಾಡಿಕೊಟ್ಟು ವಾಟ್ಸಾಪ್ ಗುಂಪಿಗೆ ಸೇರಿಸಿದಳು.

ಗುಂಪಿನಲ್ಲಿ ಮೂವತ್ತೆರಡು ಜನ, ಮೂವತ್ತೆರಡೂ ಮಾರುವವರೇ. ಉಪ್ಪಿನಕಾಯಿಯವಳ ವಿಡಿಯೋಗೆ ನಾನು ಹಾರ್ಟ್ ಒತ್ತುತ್ತಿದ್ದೆ, ನನ್ನ ಕಂಬಳಿಗೆ ಅವಳು ಒತ್ತುತ್ತಿದ್ದಳು. ಮದುವೆಮನೆಯ ಮುಯ್ಯಿ ಇದ್ದ ಹಾಗೆ, ಹಾಕಿದವರಿಗೆ ವಾಪಸು ಹಾಕಬೇಕು. ಇದಕ್ಕೆ ನೆಟ್‌ವರ್ಕಿಂಗ್ ಅಂತ ಹೆಸರು. ನಾನು ಅವಳ ಉಪ್ಪಿನಕಾಯಿ ತಿನ್ನಲಿಲ್ಲ, ಅವಳು ನನ್ನ ಕಂಬಳಿ ಹೊದೆಯಲಿಲ್ಲ.

ಹನ್ನೊಂದು ವಿಡಿಯೋ ಹಾಕಿದೆ. ಅತ್ತೆ ನೂಲುವುದು, ಹುಣಸೆಬೀಜದ ಗಂಜಿ ಕಾಯಿಸಿ ನೂಲಿಗೆ ಹಚ್ಚುವುದು. ನೋಡಿದವರು ನಲವತ್ತು, ಐವತ್ತು. ನಮ್ಮ ಹಟ್ಟಿಯವರಂತೂ ಒಬ್ಬರೂ ಕಣ್ಣೆತ್ತಿ ನೋಡಲಿಲ್ಲ. ಕೇಳಿದರೆ ನೆಟ್ ಸಿಗಲ್ಲ ಅನ್ನುತ್ತಿದ್ದರು. ಕ್ರಿಕೆಟ್ಟಿಗೆ ಸಿಗುವ ನೆಟ್ಟು ಕಂಬಳಿಗೆ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ದೇವರ ಕಂಬಳಿಯ ವರ್ಷ ಬಂತು. ಮಾವ ಹಟ್ಟಿ ಹಟ್ಟಿ ಅಲೆದು ವರ್ಷವಿಡೀ ಹಿಡಿಹಿಡಿ ಕರಿ ಉಣ್ಣೆ ಕೂಡಿಸಿದ್ದರು. ಸೀರೆಯ ಮರೆ ಕಟ್ಟಿ ನೇಯಲು ಕೂತರು. ಅದೇ ವಾರ ಆಶಾ ಮೇಡಂ ಗುಂಪಿನಲ್ಲಿ, ಬೇರೆ ಯಾರ ಹತ್ತಿರವೂ ಇಲ್ಲದ್ದು ನಿಮ್ಮ ಹತ್ತಿರ ಏನಿದೆ ಅಂತ ಕೇಳಿದರು. ನಾನು ಶ್ರೀವಾಣಿಗೆ ಫೋನು ಮಾಡಿ ದೇವರ ಕಂಬಳಿಯ ವಿಷಯ ಹೇಳಿದೆ.

"ಅದನ್ನೇ ತೋರ್ಸಕ್ಕ. ಏಮೀ ಕಾದು, ಏನೂ ಆಗಲ್ಲ. ಬರೀ ಕೈ ತೋರ್ಸು" ಎಂದಳು.

ನನಗೆ ಪದ್ಧತಿ ಗೊತ್ತಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಗೊತ್ತಿತ್ತು. ಬೆಳಿಗ್ಗೆ ಮಾವ ಸ್ನಾನ ಮಾಡಿ ಬಂದಾಗ, ಬರೀ ಕೈಯ ವಿಡಿಯೋ ಹಿಡಿಯಲೇ ಎಂದು ಕೇಳಿದೆ. ಅವರು ಮರೆಯೊಳಗೆ ಹೋಗದೆ ನಿಂತರು.

"ಯಾರು ನೋಡ್ತಾರವ್ವ ಅದನ್ನ?"

"ಯಾರೂ ನೋಡಲ್ಲ ಮಾವ. ಇಷ್ಟು ದಿನ ಹಾಕಿದ್ದನ್ನ ಯಾರು ನೋಡವ್ರೆ? ನಮ್ಮೋರಂತೂ ಮೊದ್ಲೇ ನೋಡಲ್ಲ."

"ಯಾರೂ ನೋಡದಿದ್ರೆ ಯಾಕೆ ಹಾಕ್ತೀಯ?"

ಸೊಸೆ ಸಂತೆಯಿಂದ ಗಂಟು ಹೊತ್ತು ವಾಪಸು ಬರುವುದನ್ನು ಅವರೂ ಎಷ್ಟು ಸಲ ನೋಡಿದ್ದರು. "ಕೈ ಅಷ್ಟೇ ತಾನೆ" ಎಂದು ಒಳಗೆ ಹೋಗಿ ಕೂತರು. ಅವರು ನನ್ನನ್ನು ನಂಬಿದರು.

ನಾನು ಮರೆ ಸರಿಸಿ ಮೊಬೈಲಿನಲ್ಲಿ ಕೈ ಹಿಡಿದೆ, ಲಾಳಿ ಹಿಡಿದೆ. ಕಂಬಳಿ ಒಂದು ಗೇಣು ಕಂಡಿರಬಹುದು. ಮೇಲೆ ಬರೆದೆ: 'ಇದು ದೇವರಿಗೆ ಮಾತ್ರ. ಯಾರೂ ನೋಡುವಂತಿಲ್ಲ.' ಆ ಒಂದು ಸಾಲು ನನ್ನ ಮನೆ ಹಾಳು ಮಾಡಿತು. ನೋಡಬಾರದು ಅಂದರೆ ನೋಡದೆ ಬಿಡುವವರು ಈ ಲೋಕದಲ್ಲಿ ಯಾರಿದ್ದಾರೆ?

ಶ್ರೀವಾಣಿ ಅದನ್ನು ತನ್ನ ಸೀರೆ ಪೇಜಿಗೆ ಹಾಕಿದಳು. ನಾಲ್ಕನೇ ದಿನಕ್ಕೆ ಲಕ್ಷ ದಾಟಿತು. ಫೋನು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅಜ್ಜನಿಗೆ ನಮಸ್ಕಾರ, ನಮ್ಮ ಸಂಸ್ಕೃತಿ, ಕಣ್ಣಲ್ಲಿ ನೀರು ಬಂತು, ಬೆಲೆ ಎಷ್ಟು. ನಾನು ಒಲೆ ಮುಂದೆ ಕೂತು ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ಖುಷಿಯಾಗಿತ್ತು, ಬಹಳ ಖುಷಿಯಾಗಿತ್ತು. ಮಾವ ಊಟದ ತಟ್ಟೆಯಿಂದ ಕೈ ತೆಗೆದರು. ಅತ್ತೆ ಮಾತ್ರ, "ಅಷ್ಟು ಜನಾನಾ?" ಎಂದರು.

ಬೆಲೆ ಹೇಳಿದ ಕೂಡಲೇ ಕೇಳಿದವರು ಮಾಯವಾದರು. ಒಬ್ಬಳು ತಿಳಿಗುಲಾಬಿ ಬಣ್ಣದಲ್ಲಿ, ಮೆತ್ತಗೆ, ಮಗುವಿಗೆ ಆಗುವಂಥದ್ದು ಇದೆಯಾ ಎಂದಳು. ಇನ್ನೊಬ್ಬ ದೇವರ ಕಂಬಳಿಯನ್ನೇ ಕೊಡಿ, ಫ್ರೇಮ್ ಹಾಕಿಸಿ ಹೋಟೆಲಲ್ಲಿ ತೂಗುಹಾಕುತ್ತೇನೆ ಎಂದ. ಹೊಗಳಿಕೆಯಿಂದ ಹೊಟ್ಟೆ ತುಂಬುವುದಾಗಿದ್ದರೆ ಆ ತಿಂಗಳು ನಮ್ಮ ಮನೆಯಲ್ಲಿ ಒಲೆ ಹಚ್ಚಬೇಕಾಗಿರಲಿಲ್ಲ.

ಗದ್ದುಗೆಗೆ ಕಂಬಳಿ ಹಾಸಲು ಇನ್ನು ಇಪ್ಪತ್ತು ದಿನ ಇರುವಾಗ ದೇವರ ಪೂಜಾರಿ ಚಿಕ್ಕೀರಪ್ಪ ಬಂದ. ಜೊತೆಗೆ ದೇವಸಮುದ್ರದಿಂದ ಬಸ್ಸಿನಲ್ಲಿ ಬಂದ ಇಬ್ಬರು ಹಿರಿಯರು. ಚಿಕ್ಕೀರಪ್ಪ ಚಾಪೆ ಮೇಲೆ ಕೂತು, ಜೇಬಿನಿಂದ ಫೋನು ತೆಗೆದು, ಮಾವನ ಮುಂದೆ ಹಿಡಿದ.

"ಬೋರಣ್ಣ, ಇದು ನಮ್ ಗದ್ದಿಗೇದೇನಾ?"

"ಹೌದು" ಎಂದರು ಮಾವ. ಅಲ್ಲ ಎನ್ನಬಹುದಿತ್ತು. ಕರಿಕಂಬಳಿ ಯಾವುದಾದರೇನು, ಒಂದು ಗೇಣಿನಲ್ಲಿ ಯಾರಿಗೆ ಗೊತ್ತಾಗುತ್ತಿತ್ತು? ಮಾವನಿಗೆ ಆ ಬುದ್ಧಿ ಇಲ್ಲ.

"ತಪ್ಪು ನಂದಣ್ಣ, ಮಾವಂದಲ್ಲ" ಎಂದು ನಾನು ಮುಂದೆ ಬಂದೆ. "ಆದ್ರೆ ಒಂದು ಮಾತು ಕೇಳ್ತೀನಿ. ನೋಡಬಾರ್ದು ಅಂತ ಮೇಲೇ ಬರ್ದಿದ್ನಲ್ಲ, ನೀವ್ಯಾಕೆ ನೋಡಿದ್ರಿ?"

"ನೋಡ್ದೆ ಹೆಂಗವ್ವ ಗೊತ್ತಾಗ್ತೈತೆ? ಖಾತ್ರಿ ಮಾಡ್ಕಳಾಕೆ ನಾಕು ಸಲ ನೋಡೀನಿ."

ಅವನ ಫೋನಿನಲ್ಲೇ ಕಾಣುತ್ತಿತ್ತು, ಹಾರ್ಟ್ ಕೆಂಪಗಿತ್ತು. ಅದನ್ನೂ ಖಾತ್ರಿ ಮಾಡಿಕೊಳ್ಳಲು ಒತ್ತಿರಬೇಕು.

ಮಾವ ಎರಡೂ ಕೈ ಮುಗಿದರು. "ಇನ್ನೊಂದು ನೇಯ್ತೀನಿ. ಹಗ್ಲೂ ರಾತ್ರೀನೂ ಕೂತ್ಕಂತೀನಿ."

"ಇಪ್ಪತ್ ದಿನದಾಗೆ ಕರಿ ಉಣ್ಣೆ ಎಲ್ಲೈತೆ? ಇದ್ರೂನೂ, ಮಗ್ಗಾನೇ ಲೋಕಕ್ಕೆ ಕಂಡೈತಲ್ಲ. ನಮ್ದೇನೂ ಇಲ್ಲ ಬೋರಣ್ಣ, ದೇವ್ರು ಹೆಂಗೆ ನಡೆಸ್ತಾನೋ ಹಂಗೆ" ಎಂದು ಚಿಕ್ಕೀರಪ್ಪ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಎದ್ದ. ಕೊಟ್ಟ ಕಾಫಿ ಮಾತ್ರ ಮೂವರೂ ಕುಡಿದರು.

ಮಾವ ಕಂಬಳಿಯನ್ನು ಅರ್ಧಕ್ಕೆ ಬಿಡಲಿಲ್ಲ. ಮರೆ ಕಟ್ಟಿಕೊಂಡೇ ನೇಯ್ದು ಮುಗಿಸಿದರು, ಬಿಳಿ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಯಾರಿಗೆ ಅಂತ ನಾನು ಕೇಳಲಿಲ್ಲ. ವಿಡಿಯೋ ತೆಗೆದುಹಾಕಿದೆ. ಆದರೆ ಅಷ್ಟರಲ್ಲಿ ಅದು ಇನ್ನೂ ಯಾರ ಯಾರ ಪೇಜಿನಲ್ಲೋ ಓಡುತ್ತಿತ್ತು, ಅದರ ಮೇಲೆ ಯಾವುದೋ ಹಾಡು ಬೇರೆ.

ಗದ್ದುಗೆಯ ದಿನ ಮಾವ ಹೋಗುವುದಿಲ್ಲ ಅಂದುಕೊಂಡಿದ್ದೆ. ಒಗೆದ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ ಹೊರಟೇಬಿಟ್ಟರು. ನಾನೂ ಹಿಂದೆ ಹೋದೆ. ಗುಡಿಯ ಮುಂದೆ ಏಳು ಹಟ್ಟಿಯ ಜನ ಸೇರಿದ್ದರು. ಚಿಕ್ಕೀರಪ್ಪನ ಅಳಿಯ ದಾವಣಗೆರೆಯ ಅಂಗಡಿಯಿಂದ ತಂದ ಬ್ಲಾಂಕೆಟ್ಟನ್ನು ತಲೆ ಮೇಲೆ ಹೊತ್ತು ಬಂದ. ಪ್ಲಾಸ್ಟಿಕ್ ಚೀಲ, ಜಿಪ್ಪು, ಜಿಪ್ಪಿಗೆ ಒಂದು ಸೀಲು.

"ನೋಡ್ರಪ್ಪ, ಸೀಲ್ ಒಡ್ದಿಲ್ಲ. ಮಿಷಿನ್ನಾಗೆ ಆಗಿ ಮಿಷಿನ್ನಾಗೇ ಪ್ಯಾಕ್ ಆಗೈತೆ. ಒಂದು ಕಣ್ಣೂ ಬಿದ್ದಿಲ್ಲ" ಎಂದ ಚಿಕ್ಕೀರಪ್ಪ. ಜನ ಹೌದು ಹೌದು ಎಂದರು. ಹೌದು ಎಂದವರಲ್ಲಿ ಅರ್ಧ ಜನ ಮಾವನ ಕಂಬಳಿಗೆ ಉಣ್ಣೆ ಕೊಟ್ಟವರೇ. ಹಲ್ಲಿನಿಂದ ಸೀಲು ಕಚ್ಚಿ ಒಡೆದು ಗದ್ದುಗೆಗೆ ಹಾಸಿದರು. ಕಪ್ಪಗೆ ಮಿರಮಿರ ಮಿಂಚಿತು. ಮೂಲೆಯಲ್ಲಿ ಪಾಲಿಯೆಸ್ಟರ್ ಎಂದು ಬರೆದ ಬಿಳಿ ಚೀಟಿ ಹೊಲಿದಿತ್ತು. ಅದನ್ನೂ ಕೀಳಲಿಲ್ಲ.

ಆಮೇಲೆ ಚಿಕ್ಕೀರಪ್ಪ ಮೊದಲ ವೀಳ್ಯ ಎಂದು ಕೂಗಿದ. ನಮ್ಮ ಮಾವನ ಕೈ ತಾನಾಗಿಯೇ ಹೆಗಲಿಗೆ ಹೋಯಿತು, ಟವೆಲ್ ಕೆಳಗಿಳಿಯಿತು. ವೀಳ್ಯ ಪಡೆಯುವವರು ಹೆಗಲ ಮೇಲೆ ಬಟ್ಟೆ ಇಟ್ಟುಕೊಳ್ಳುವುದಿಲ್ಲ, ನಲವತ್ತು ವರ್ಷದ ರೂಢಿ. ಆದರೆ ಕೂಗಿದ ಹೆಸರು ಚಿಕ್ಕೀರಪ್ಪನ ಅಳಿಯನದ್ದು. ಮಾವ ಆ ಟವೆಲಿನಿಂದ ಮುಖ ಒರೆಸಿಕೊಂಡರು, ಬೆವರು ಒರೆಸುವವರ ಹಾಗೆ. ನಾನು ಅದನ್ನು ನೋಡಿದೆ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಹೊರಡುವಾಗ ಚಿಕ್ಕೀರಪ್ಪ ನನ್ನನ್ನು ಕರೆದ. "ಪುಷ್ಪವ್ವ, ಗದ್ದಿಗೇದು ಒಂದು ವಿಡಿಯೋ ಮಾಡಿ ನಿನ್ ಪೇಜಿಗೆ ಹಾಕು. ನಿಂಗೆ ಜನ ಬಾಳ ಅವ್ರೆ. ದೇವ್ರ ಹೆಸ್ರು ನಾಕು ಊರಿಗೆ ಗೊತ್ತಾಗ್ಲಿ."

"ಕಣ್ಣು ಬೀಳಲ್ವೇನಣ್ಣ?"

"ದೇವ್ರು ನೋಡಾಯ್ತಲ್ಲ ಈಗ."

ಹಾಕಿದೆ. ಸಿಟ್ಟಿಗೇ ಹಾಕಿದೆ. ಪಾಲಿಯೆಸ್ಟರ್ ಚೀಟಿ ಚೆನ್ನಾಗಿ ಕಾಣುವ ಹಾಗೆ ಹತ್ತಿರದಿಂದ ಹಿಡಿದೆ. ಕೆಳಗೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲವನ್ನೂ ಸಾಕ್ಷಿಗೆ ಇರಲಿ ಎಂದು ಮನೆಗೆ ತಂದೆ. ಲೋಕ ನೋಡಿ ಉಗಿಯಲಿ ಅನ್ನುವುದು ನನ್ನ ಆಸೆ. ಇಷ್ಟು ದಿನ ಅಜ್ಜನ ಕೈಗೆ ನಮಸ್ಕಾರ ಎಂದವರು ಒಬ್ಬರಾದರೂ ಇದೇನು ಎಂದು ಕೇಳದಿರುತ್ತಾರೆಯೇ?

ಮರುದಿನ ಮಧ್ಯಾಹ್ನ ಮಾವ ಖಾಲಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಫೋನು ನೋಡುತ್ತಿದ್ದುದನ್ನು ಕಂಡು, "ಏನಂತಾರವ್ವ?" ಎಂದರು.

ನಾನು ಓದಿದೆ. "ಅಜ್ಜನ ಕೈಗೆ ಶರಣು ಅಂತಾರೆ. ಇಂಥ ನೇಯ್ಗೆ ಎಲ್ಲೂ ನೋಡಿಲ್ಲ ಅಂತಾರೆ. ಮೊದ್ಲಿಗಿಂತ ಈ ಕಂಬ್ಳಿ ಇನ್ನೂ ಚೆನ್ನಾಗಿ ಬಂದೈತೆ ಅಂತಾರೆ."

"ಯಾವ ಕಂಬ್ಳಿ?"

ಅಟ್ಟದ ಕಡೆ ನೋಡಿದೆ. ಸುಳ್ಳು ಹೇಳಬಹುದಿತ್ತು. "ಅಂಗಡೀದು ಮಾವ" ಎಂದೆ.

ಅವರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ಗುಣಿಯಿಂದ ಕಾಲು ಮೇಲೆತ್ತಿ, "ಅಟ್ಟದ ಮ್ಯಾಲಿನದ್ದು ಇಳ್ಸು" ಎಂದರು. ಇಳಿಸಿಕೊಟ್ಟೆ. ಬಿಳಿ ಬಟ್ಟೆ ಬಿಚ್ಚಿ, ಹಗಲ ಬೆಳಕಿನಲ್ಲಿ ಕಂಬಳಿಯನ್ನು ಪೂರ್ತಿ ಹರಡಿದರು. ಒಂದೂ ಬಿಳಿ ಎಳೆ ಇರಲಿಲ್ಲ. ಅತ್ತೆ ನೂಲುವುದು ಬಿಟ್ಟು ಬಂದು ನಿಂತರು. ಮಾವ ಅದನ್ನು ನಾಲ್ಕು ಮಡಿಕೆ ಮಾಡಿ, ಮಗ್ಗದ ಗುಣಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟರು.

"ಖಾಲಿ ಗುಣಿ. ಯಾರಾದ್ರೂ ಬಿದ್ದಾರು" ಎಂದು ಹೊರಗೆ ಹೋದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಗಲೇ ಫೋನು ಸದ್ದು ಮಾಡಿತು. ಮೈಸೂರಿನ ಯಾರೋ ಹೆಂಗಸು. ಬೆಲೆ ಎಷ್ಟಾದರೂ ಚಿಂತೆ ಇಲ್ಲ, ಗದ್ದುಗೆಯ ವಿಡಿಯೋದಲ್ಲಿರುವಂಥದ್ದೇ ಎರಡು ಬೇಕು, ಅಜ್ಜ ನೇಯಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ್ದಳು. ಪೇಜು ಮಾಡಿದ ಮೇಲೆ ಬಂದ ಮೊದಲ ಗಟ್ಟಿ ಆರ್ಡರು. ಮಾವ ಮಗ್ಗ ಮುಚ್ಚಿದರು ಎಂದು ಬರೆಯಹೋದೆ, ಅಳಿಸಿದೆ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಚೀಲ ಎತ್ತಿಕೊಂಡು, ಅದರ ಮೇಲಿದ್ದ ದಾವಣಗೆರೆ ಅಂಗಡಿಯ ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತಿ ಅವಳಿಗೆ ಕಳಿಸಿದೆ.