ಹದಿನೇಳನೆಯ ಪುಡಿ

ಆ ಪ್ರಯೋಗಾಲಯದಲ್ಲಿ ಅವಳನ್ನು ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಮಾತೆತ್ತಿದರೆ ‘ಯಾಕೆ’ ಎನ್ನುತ್ತಿದ್ದ ತಪ್ಪಿಗೆ ಎಲ್ಲರ ಬಾಯಲ್ಲೂ ಯಾಕಮ್ಮ ಆಗಿಬಿಟ್ಟಿದ್ದಳು. ಈಗ ಆರು ವಾರದಿಂದ ಒಂದೇ ಒಂದು ಯಾಕೆ ಅವಳ ತಲೆ ತಿನ್ನುತ್ತಿತ್ತು. ಹದಿನೇಳನೆಯ ಪುಡಿ ಮಾತ್ರ ಯಾಕೆ ಮಸಿ ಹಿಡಿಯಲಿಲ್ಲ?

ಅವಳ ಕೆಲಸ ಹೇಳುವುದಕ್ಕೇನೋ ಸುಲಭ. ಸಪೂರ ಕೊಳವೆಯೊಳಗೆ ಚಿಟಿಕೆ ನಿಕ್ಕಲ್ ಪುಡಿ ಇಟ್ಟು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಒಂದು ತುದಿಯಿಂದ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡಬೇಕು. ಇನ್ನೊಂದು ತುದಿಯಿಂದ ಹೈಡ್ರೋಜನ್ನೂ ಕಾರ್ಬನ್ ಮಾನಾಕ್ಸೈಡೂ ಬೆರೆತ ಸಿನ್‌ಗ್ಯಾಸ್ ಬರುತ್ತದೆ. ಅದೊಂದು ಕೈಯಲ್ಲಿದ್ದರೆ ಇಂಧನ ಮಾಡಬಹುದು, ಗೊಬ್ಬರ ಮಾಡಬಹುದು. ನಿಕ್ಕಲ್ ಅಗ್ಗದ ಲೋಹ, ಕೆಲಸಕ್ಕೂ ಗಟ್ಟಿ. ಆದರೆ ಅದಕ್ಕೊಂದು ಕೆಟ್ಟ ಚಾಳಿ, ಮೀಥೇನಿನ ಇಂಗಾಲವನ್ನು ಕಿತ್ತು ತನ್ನ ಮೈಗೇ ಬಳಿದುಕೊಳ್ಳುತ್ತದೆ. ಇಪ್ಪತ್ತು ಗಂಟೆಯೊಳಗೆ ಮೈತುಂಬ ಮಸಿಯಾಗಿ ಕೊಳವೆ ಕಟ್ಟುತ್ತದೆ. ಹದಿನಾರು ಪುಡಿಗಳದ್ದೂ ಅದೇ ಗತಿಯಾಗಿತ್ತು. ಹದಿನೇಳನೆಯದು ಇನ್ನೂರು ಗಂಟೆ ಓಡಿತು. ಹೊರಗೆ ತೆಗೆದಾಗ ಬೆರಳಿಗೆ ಹತ್ತುವಷ್ಟು ಮಸಿಯೂ ಇರಲಿಲ್ಲ.

ಅವತ್ತು ಅವಳ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಪುಡಿ ಮಾಡುವ ಕ್ರಮ ಬರೆದಿಟ್ಟ ಅದೇ ಚೀಟಿ, ಅದೇ ತೂಕ, ಅದೇ ಕುಲುಮೆ ಎಂದು ಮೂರು ಸಲ ಮಾಡಿದಳು. ಮೂರು ಸಲವೂ ಮಸಿ. ಒಂದೇ ಸಲ ಬಂದದ್ದು ಅದೃಷ್ಟ, ತಿಂಗಳ ಕೊನೆಯೊಳಗೆ ಮತ್ತೊಮ್ಮೆ ಬರದಿದ್ದರೆ ಆ ಪುಟವನ್ನು ಪ್ರಬಂಧದಿಂದ ತೆಗೆದುಬಿಡಿ ಎಂದು ವಿಭಾಗದ ಮುಖ್ಯಸ್ಥೆ ಕಡ್ಡಿ ಮುರಿದಂತೆ ಹೇಳಿದರು. ಮೂರು ವರ್ಷದ ದುಡಿಮೆಯಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ ಪುಟ.

ಆ ಪುಡಿ ತಯಾರಾದ ದಿನ ಅವಳು ಜ್ವರ ಬಂದು ಮನೆಯಲ್ಲಿದ್ದಳು. ಮಾಡಿದವನು ಕುಲುಮೆಯಣ್ಣ. ಮೂವತ್ತು ವರ್ಷದಿಂದ ಅಲ್ಲಿನ ಕುಲುಮೆ, ಕೊಳವೆ, ಬಟ್ಟಲುಗಳನ್ನು ನೋಡಿಕೊಳ್ಳುತ್ತಿದ್ದ ಸಹಾಯಕ ಅವನು. ಬೇರೆಯವರು ತೊಳೆದಿಟ್ಟ ಬಟ್ಟಲನ್ನೂ ಇನ್ನೊಮ್ಮೆ ತೊಳೆಯುವ ಮನುಷ್ಯ. ಅವತ್ತು ಏನಾದರೂ ಬೇರೆ ಮಾಡಿದಿರಾ ಎಂದು ಕೇಳಿದ್ದಕ್ಕೆ, ಚೀಟಿಯಲ್ಲಿದ್ದ ಹಾಗೇ ಮಾಡಿದ್ದು ಎಂದು ಅತ್ತ ತಿರುಗಿಕೊಂಡಿದ್ದ. ಅವನ ಮಾತನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ.

ಕೊನೆಗೆ ಅವಳು ಉಳಿದ ಪುಡಿಯನ್ನು ಪರೀಕ್ಷೆಗೆ ಕಳಿಸಿದಳು. ವರದಿಯಲ್ಲಿ ನಿಕ್ಕಲ್ ಇತ್ತು, ಅದನ್ನು ಹೊತ್ತ ಅಲ್ಯೂಮಿನಾ ಇತ್ತು, ಜೊತೆಗೆ ನೂರಕ್ಕೆ ಒಂದು ಪಾಲು ತವರವೂ ಇತ್ತು. ಎಲ್ಲಿಂದಲೋ ಸೇರಿದ ಕೊಳೆ ಇರಬೇಕು, ತಲೆ ಕೆಡಿಸಿಕೊಳ್ಳಬೇಡಿ ಎಂದ ಪರೀಕ್ಷೆಯ ಯಂತ್ರ ನಡೆಸುವವನು. ತಲೆ ಕೆಡಿಸಿಕೊಳ್ಳದಿದ್ದರೆ ಅವಳು ಯಾಕಮ್ಮ ಹೇಗಾದಾಳು? ಎರಡು ದಿನ ಕಪಾಟುಗಳನ್ನೆಲ್ಲ ಜಾಲಾಡಿದಳು. ತವರದ ಒಂದು ಸೀಸೆಯೂ ಸಿಗಲಿಲ್ಲ.

ಮೂರನೆಯ ದಿನ ಸೋತು ಸುಣ್ಣವಾಗಿ ಚಹಾ ಬಗ್ಗಿಸಿಕೊಳ್ಳುತ್ತಿದ್ದಳು. ಪ್ರಯೋಗಾಲಯದವರೆಲ್ಲ ಚಹಾಕ್ಕೆ ನೀರು ಕಾಯಿಸುವ ತಾಮ್ರದ ಪಾತ್ರೆ ಖಾಲಿಯಾಯಿತು. ಒಳಗೆ ಇಣುಕಿದರೆ ಬೆಳ್ಳಿಯಂಥ ಬಿಳುಪು. ಹೊಸ ಕಲಾಯಿ. ಕಲಾಯಿ ಎಂದರೆ ತವರವೇ ತಾನೆ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಯಾರು ಹಾಕಿದ್ದು ಎಂದು ಕೇಳಿದರೆ, ಕುಲುಮೆಯಣ್ಣನೇ, ಅವರಪ್ಪ ಕಲಾಯಿಯವರಲ್ಲವೇ, ನಿನಗೆ ಜ್ವರ ಬಂದಿತ್ತಲ್ಲ, ಆ ವಾರ ಎಂದರು ಜೊತೆಯವರು.

ಅವನು ತೊಟ್ಟಿಯ ಬಳಿ ಕೊಳವೆ ತೊಳೆಯುತ್ತಿದ್ದ. ಅವಳು ಪಾತ್ರೆಯನ್ನು ಒಳಗಿನ ಬಿಳುಪು ಕಾಣುವಂತೆ ಅವನ ಪಕ್ಕದಲ್ಲಿಟ್ಟಳು. ಅವನು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡು, ತನ್ನ ಕಪಾಟಿನ ಹಿಂದಿನಿಂದ ಕಾಗದ ಸುತ್ತಿದ ಪಿಂಗಾಣಿ ಬಟ್ಟಲೊಂದನ್ನು ತಂದ. ತಳದ ಬಿರುಕುಗಳಲ್ಲಿ ಬೂದು ಗೆರೆಗಳಿದ್ದವು.

“ಇದರಲ್ಲೇ ತವರ ಕರಗಿಸಿದ್ದು ಕಣಮ್ಮ. ಐದು ಸಲ ತೊಳೆದೆ, ಆಮೇಲೆ ನಿನ್ನ ಪುಡಿ ಕಲಸಿದೆ. ನೀನು ಕೇಳಿದ ದಿನಾನೇ ಅನುಮಾನ ಬಂತು. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಕೊಳೆ ಬಂತು ಅಂತ ಒಬ್ಬರೂ ಅಂದಿರಲಿಲ್ಲ. ಬಾಯಿ ಬರಲಿಲ್ಲ.”

ಅವಳಿಗೆ ಮೈಯೆಲ್ಲ ಉರಿಯಿತು. ಆರು ವಾರ ನಿದ್ದೆಗೆಟ್ಟದ್ದೆಲ್ಲ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಹಾಳು ಕುತೂಹಲ ಮುಂದೆ ನುಗ್ಗಿತು.

“ಅಣ್ಣ, ನವಸಾಗರ ಹಾಕಿದ್ರಾ?”

ಹಾಕದೆ ಕಲಾಯಿ ಹಿಡಿಯುತ್ತದೆಯೇ ಎಂದು ಅವನು ಕೊಂಚ ಸಿಟ್ಟಿನಿಂದಲೇ ಕೇಳಿದ. ಹಾಗಾದರೆ ಸರಿ. ಕಲಾಯಿ ಅಂಟಲೆಂದು ಹಾಕುವ ಆ ಉಪ್ಪು ತಾಗಿದ ತವರ ನೀರಿನಲ್ಲಿ ಕರಗುವಂತಾಗಿ ಪುಡಿಯೊಳಗೆ ಇಳಿದಿತ್ತು. ಕುಲುಮೆಯಲ್ಲಿ ನಿಕ್ಕಲ್ಲಿನೊಡನೆ ಬೆರೆತು ಮಿಶ್ರಲೋಹವಾಗಿತ್ತು. ನಿಕ್ಕಲ್ ಕಣಗಳ ಮೇಲೆ ಇಂಗಾಲ ಬೇರು ಬಿಡುವ ಮೂಲೆಗಳನ್ನೆಲ್ಲ, ಬಸ್ಸಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿದ ಹಾಗೆ, ಮೊದಲೇ ಹಿಡಿದು ಕೂತಿತ್ತು.

ಹಾಗೆಂದು ಅವಳ ಊಹೆ. ಅಂದೇ ಇಬ್ಬರೂ ಸೇರಿ ಹೊಸ ಬಟ್ಟಲಿನಲ್ಲಿ, ನೂರಕ್ಕೆ ಒಂದರಂತೆ ನವಸಾಗರ ತಾಗಿಸಿದ ತವರ ತೂಗಿ ಹಾಕಿ ಪುಡಿ ಮಾಡಿದರು. ಇಪ್ಪತ್ತು ಗಂಟೆ ಕಳೆಯಿತು, ಐವತ್ತಾಯಿತು. ಎಂಟು ದಿನ ದಾಟಿ ಇನ್ನೂರು ಮುಟ್ಟಿದರೂ ಅನಿಲ ಸರಾಗವಾಗಿ ಹರಿಯುತ್ತಿತ್ತು. ಪುಟ ಇರಲಿ ಎಂದರು ಮುಖ್ಯಸ್ಥೆ. ಆದರೆ ಹದಿನೇಳರಲ್ಲಿ ತವರ ಹೇಗೆ ಬಂತೆಂಬುದೂ ದಾಖಲೆ ಪುಸ್ತಕದಲ್ಲಿ ಇರಬೇಕೆಂದರು.

ತವರ ಸೇರಿಸಲಾಯಿತು ಎಂದು ಬರೆದರೆ ಮುಗಿಯುತ್ತಿತ್ತು. ಕುಲುಮೆಯಣ್ಣನ ಕಣ್ಣು ಅದನ್ನೇ ಬೇಡುತ್ತಿತ್ತು. ಹಾಗೆ ಬರೆಯಲು ಅವಳ ಪೆನ್ನು ಏಳಲಿಲ್ಲ. ಪುಸ್ತಕವನ್ನು ಅವನ ಕಡೆಗೆ ತಳ್ಳಿದಳು.

“ಮಾಡಿದವರು ನೀವು. ನೀವೇ ಬರೀರಿ.”

ಸಹಾಯಕರಿಗೆ ಚೀಟಿ ಓದುವುದಷ್ಟೇ ಕೆಲಸ. ಮೂವತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಅವನ ಒಂದಕ್ಷರ ಇರಲಿಲ್ಲ. ಅವನು ಕೈಯನ್ನು ಎರಡೆರಡು ಸಲ ಒರೆಸಿಕೊಂಡು, ಗುಂಡಗೆ, ನಿಧಾನವಾಗಿ ಬರೆದ: ಹದಿನೇಳನೆಯ ಪುಡಿ ಕಲಸಿದ ಬಟ್ಟಲಿನಲ್ಲಿ ಮೊದಲು ತವರ ಕರಗಿಸಿದ್ದೆ. ಐದು ಸಲ ತೊಳೆದೆ. ಹೋಗಿರಲಿಲ್ಲ. ಕೆಳಗೆ ಸಹಿ ಹಾಕಿದ. ಪೆನ್ನು ಮಾತ್ರ ಕೆಳಗಿಡಲಿಲ್ಲ.

“ಅಲ್ಲಮ್ಮ, ಅಷ್ಟೊಂದು ನಿಕ್ಕಲ್ ಇರೋವಾಗ ತವರ ಸರಿಯಾಗಿ ಆ ಮೂಲೆಗೇ ಹೋಗಿ ಕೂರೋದು ಯಾಕೆ?”

ಅವಳಿಗೂ ಗೊತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತು, ಅದನ್ನೂ ಬರೆಯಿರಿ ಎಂದಳು.