ಅಮ್ಮನಿಗೆ ಇಲ್ಲದ ಕಾಯಿಲೆ

ಕೆಲವು ಮನೆಗಳಲ್ಲಿ ಅಂಥವರೊಬ್ಬರು ಇರುತ್ತಾರೆ. ಬೇರೆಯವರಿಗೆ ನೆಗಡಿಯಾದರೆ ಅವರಿಗೆ ನ್ಯುಮೋನಿಯಾ. ಯಾರಾದರೂ ಜೋಕ್ ಹೇಳಿದರೆ ಅವರಿಗೆ ಅದಕ್ಕಿಂತ ದೊಡ್ಡದು ಗೊತ್ತು. ಎಲ್ಲರ ಗಮನ ಇನ್ನೊಬ್ಬರ ಕಡೆ ತಿರುಗಿತೋ, ಎದೆ ಹಿಡಿದುಕೊಂಡು ಕೂರುತ್ತಾರೆ. ನಾವು ನಗುತ್ತೇವೆ. ಅವರ ಸ್ವಭಾವವೇ ಹಾಗೆ ಎಂದು ಬಿಟ್ಟುಬಿಡುತ್ತೇವೆ.

ಈ ಕಥೆಯ ಬೇಕರಿಯವನೂ ಹಾಗೆಯೇ. ಬ್ರೆಡ್ ಬೇಯಿಸುವ ಒಲೆಯ ಮುಂದೆ ಅವನ ಕೆಲಸ. ಬೀದಿಯವರೆಲ್ಲ ಅವನನ್ನು 'ಹೀರೋ' ಎಂದೇ ಕರೆಯುತ್ತಿದ್ದರು. ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಒಳಗೆ ಅತ್ತೆಯ ಮಂಚ. ಒಬ್ಬಳೇ ಮಗಳು, ಪುಟ್ಟಿ.

ಇದ್ದಕ್ಕಿದ್ದಂತೆ ಪುಟ್ಟಿ ಒಂಥರಾ ಆಡತೊಡಗಿದಳು. ಶಾಲೆಗೆ ಹೋಗಲ್ಲ ಎಂದು ಹಟ. ತಟ್ಟೆಗೆ ಹಾಕಿದ್ದು ತಟ್ಟೆಯಲ್ಲೇ. ಅಮ್ಮ ಯಂತ್ರ ತುಳಿಯುತ್ತಿದ್ದರೆ ಪಕ್ಕದಲ್ಲಿ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದಳು.

"ಏನೇ ಅದು, ನನ್ನ ಮುಖದಲ್ಲಿ ಸಿನಿಮಾ ಓಡ್ತಿದೆಯಾ?" ಎಂದು ಅಮ್ಮ ನಕ್ಕರೆ, ಮಗಳು ನಗದೆ ಎದ್ದು ಹೋಗುತ್ತಿದ್ದಳು.

ಒಂದು ದಿನ ಶಾಲೆಗೆ ಬರಲು ಅಮ್ಮನಿಗೆ ಫೋನ್ ಬಂತು. ಮಕ್ಕಳ ಕಷ್ಟಸುಖ ಕೇಳಲು ಅಲ್ಲೊಬ್ಬ ಆಪ್ತಸಮಾಲೋಚಕಿ ಇದ್ದರು. ಅವರು ತಾಯಿಯನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಮೆಲ್ಲಗೆ ಕೇಳಿದರು:

"ಚಿಕಿತ್ಸೆ ಹೇಗೆ ನಡೀತಿದೆಯಮ್ಮ?"

"ಯಾರಿಗೆ ಮೇಡಂ?"

"ನಿಮಗೇ. ಕ್ಯಾನ್ಸರ್ ಅಂತ ಪುಟ್ಟಿ ಹೇಳಿದಳು."

ಅವಳು ಲೋಟ ಕೆಳಗಿಟ್ಟಳು.

"ನನಗಾ? ಗುಂಡುಕಲ್ಲಿನ ಹಾಗೆ ಇದೀನಿ! ಯಾರು ಹೇಳಿದ್ದು ಅವಳಿಗೆ?"

ಮೇಡಂ ಕೂಡ ಗಾಬರಿಯಾದರು. "ಅವಳ ಕ್ಲಾಸಿನ ಹುಡುಗಿ. ಆ ಹುಡುಗಿಯ ತಂದೆ ನಿಮ್ಮ ಯಜಮಾನರ ಜೊತೆ ಬೇಕರಿಯಲ್ಲಿದ್ದಾರೆ. 'ನಿಮ್ಮಮ್ಮ ಇನ್ನು ಜಾಸ್ತಿ ದಿನ ಇರಲ್ವಂತೆ, ನಿಮ್ಮಪ್ಪನೇ ಅಳ್ತಾ ಹೇಳಿದ್ರಂತೆ' ಅಂದಳಂತೆ. ತನಗೆ ವಿಷಯ ತಿಳಿದಿದೆ ಅಂತ ಅಮ್ಮನಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ ಅಂತ ಮಗು ನಿಮ್ಮ ಹತ್ರ ಬಾಯೇ ಬಿಟ್ಟಿಲ್ಲ."

ಅವಳು ಅಲ್ಲಿಂದ ನೇರವಾಗಿ ಬೇಕರಿಗೆ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತರು. ಒಬ್ಬರು ಸ್ಟೂಲ್ ತಂದರು. ಹಿಟ್ಟು ಕಲಸುವ ಗೆಳೆಯ ಕೈ ಒರೆಸಿಕೊಳ್ಳುತ್ತ ಓಡಿ ಬಂದ.

"ಅಯ್ಯೋ ಅಕ್ಕ, ಈ ಸ್ಥಿತಿಯಲ್ಲಿ ಯಾಕೆ ಬಂದ್ರಿ? ಮೊದಲು ಕೂತ್ಕೊಳ್ಳಿ. ಮೊನ್ನೆ ಆಸ್ಪತ್ರೆಯಲ್ಲಿ ಏನಂದ್ರು?"

"ಯಾವ ಆಸ್ಪತ್ರೆ?"

"ಅದೇ, ನಿಮ್ಮನ್ನ ಕರ್ಕೊಂಡು ಹೋಗಬೇಕು ಅಂದಿದ್ದಕ್ಕೆ ನನ್ನ ರಜೆ ಅವನಿಗೇ ಬಿಟ್ಟುಕೊಟ್ಟೆನಲ್ಲ. ನನ್ನ ಹೆಂಡತಿಗೆ ಹೆರಿಗೆಯಾದಾಗ ನಾನು ಇಲ್ಲೇ ಹಿಟ್ಟು ಕಲಸ್ತಾ ಇದ್ದೆ. ಇರಲಿ ಬಿಡಿ ಅಕ್ಕ, ನೀವು ಹುಷಾರಾದ್ರೆ ಸಾಕು."

ಅವಳು ತಿರುಗಿ ನೋಡಿದಳು. ಒಲೆಯ ಮುಂದೆ ಗಂಡ ನಿಂತಿದ್ದ. ಬಿಸಿ ತಟ್ಟೆಗಳ ನಡುವೆ ಅವನ ಮುಖ ಮಾತ್ರ ಹಿಟ್ಟಿನ ಹಾಗೆ ಬಿಳಿಚಿತ್ತು. ಅವನು ನಿಧಾನವಾಗಿ ಎದೆಯ ಮೇಲೆ ಕೈ ಇಟ್ಟುಕೊಂಡ. ಅವಳು ಬೆನ್ನು ತಿರುಗಿಸಿ ಹೊರಟುಬಿಟ್ಟಳು.

ಸುದ್ದಿ ಕೇಳಿ ಅತ್ತೆ ಮೊದಲು ನಂಬಲಿಲ್ಲ. ನಂಬಿದ ಮೇಲೂ ಮಗನ ಪರವೇ ನಿಂತರು.

"ಏನೋ ಬಾಯಿ ತಪ್ಪಿ ಅಂದಿರ್ತಾನೆ. ಇಷ್ಟಕ್ಕೆಲ್ಲ ರಂಪ ಮಾಡ್ತಾರಾ?"

"ಬಾಯಿ ತಪ್ಪಿ ನನ್ನನ್ನ ಸಾಯಿಸಿದ್ದಾರೆ ಅತ್ತೆ. ಮಗು ಊಟ ಬಿಟ್ಟಿದೆ. ಬನ್ನಿ ನನ್ನ ಜೊತೆ."

ಇಬ್ಬರೂ ಶಾಲೆಗೆ, ಆ ಮೇಡಂ ಹತ್ತಿರ ಹೋದರು. ಅತ್ತೆ ಕೂರುವ ಮೊದಲೇ ಜಗಳಕ್ಕೆ ನಿಂತರು. "ನನ್ನ ಮಗ ಹುಚ್ಚ ಅಂತೀರಾ?"

"ಇಲ್ಲಮ್ಮ. ಕಾಯಿಲೆಯೋ ಅಲ್ವೋ ಅಂತ ಅವರನ್ನ ನೋಡದೆ ನಾನು ಹೇಳಲ್ಲ. ಆದ್ರೆ ಒಂದು ಮಾತು ಕೇಳ್ತೀನಿ. ಚಿಕ್ಕವರಿದ್ದಾಗ ಅವರನ್ನ ಯಾವಾಗ ಹತ್ತಿರ ಕೂರಿಸ್ಕೋತಿದ್ರಿ?"

"ಎಲ್ಲಮ್ಮ ಪುರುಸೊತ್ತು? ಮನೆ ತುಂಬ ಮಕ್ಕಳು. ಜ್ವರ ಬಂದ್ರೆ ಮಾತ್ರ..." ಅತ್ತೆಯ ಮಾತು ಅಲ್ಲಿಗೇ ನಿಂತಿತು.

"ನೋವು ತೋರಿಸಿದ್ರೆ ಮಾತ್ರ ಜನ ತಿರುಗಿ ನೋಡ್ತಾರೆ ಅಂತ ಕೆಲವರು ಹೀಗೇ ಕಲಿತುಬಿಡ್ತಾರೆ" ಎಂದರು ಮೇಡಂ. "ಹಾಗಂತ ಮಾಡಿದ್ದು ತಪ್ಪಲ್ಲ ಅಂತ ಅಲ್ಲ. ತಪ್ಪೇ. ಅದನ್ನ ಅವರೇ ಸರಿಮಾಡಬೇಕು. ನೀವು ಹೋಗಿ ಎಲ್ಲರಿಗೂ ಸಮಜಾಯಿಷಿ ಕೊಡಬೇಡಿ."

"ನಾಲ್ಕು ಬಾರಿಸಿದ್ರೆ ಬುದ್ಧಿ ಬರಲ್ವಾ?" ಟೈಲರ್‌ಗೆ ಸಿಟ್ಟು ಇಳಿದಿರಲಿಲ್ಲ.

"ಬೈದ್ರೂ ಎಲ್ಲರ ಗಮನ ಅವರ ಮೇಲೇ ಇರುತ್ತಲ್ಲ? ನಾಟಕ ಆಡಿದಾಗ ಅಯ್ಯೋ ಅನ್ನಬೇಡಿ, ಕೂಗಾಡಲೂ ಬೇಡಿ. 'ಇದನ್ನ ನಾನು ಒಪ್ಪಲ್ಲ' ಅಂತ ಒಂದೇ ಮಾತು ಹೇಳಿ ನಿಮ್ಮ ಕೆಲಸ ನೋಡಿ. ಸುಮ್ಮನೆ ಕೂತಿದ್ದಾಗ, ಒಳ್ಳೆ ಕೆಲಸ ಮಾಡಿದಾಗ ನೀವಾಗಿಯೇ ಮಾತಾಡಿಸಿ. ಆದರೆ ಸಾಯ್ತೀನಿ ಅಂದ್ರೆ ಮಾತ್ರ ಅದನ್ನ ನಾಟಕ ಅಂತ ತಳ್ಳಿಹಾಕಬೇಡಿ. ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ."

ಸಂಜೆ ಗಂಡ ಮನೆಗೆ ಬಂದವನೇ ಗೋಡೆಗೆ ಒರಗಿದ. "ನಾನು ಬದುಕಿರಬಾರದು. ಸತ್ತುಹೋಗ್ತೀನಿ."

ಹೆಂಡತಿ ಎದುರಿಗೆ ಕುಳಿತಳು. "ರೀ, ನಿಜವಾಗಿ ಸಾಯಬೇಕು ಅನ್ನಿಸ್ತಿದೆಯಾ? ಹಾಗಿದ್ರೆ ಈಗಲೇ ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ."

ಅವನು ತಬ್ಬಿಬ್ಬಾದ. ಆಮೇಲೆ ಅಡ್ಡಡ್ಡ ತಲೆಯಾಡಿಸಿದ. "ಇಲ್ಲ. ನಾಚಿಕೆ ಆಗ್ತಿದೆ, ಅಷ್ಟೇ."

"ಸರಿ. ಆದರೂ ನಾಳೆ ಡಾಕ್ಟರನ್ನ ನೋಡೋಣ. ಈಗ ಪುಟ್ಟಿಗೆ ಹೇಳಿ. ನೀವೇ ಹೇಳಬೇಕು."

ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಅಮ್ಮನಿಗೆ ಯಾವ ಕಾಯಿಲೆಯೂ ಇಲ್ಲ ಪುಟ್ಟಿ. ಅಪ್ಪ ಸುಳ್ಳು ಹೇಳಿದ್ದೆ."

"ಅಮ್ಮ ಸಾಯಲ್ವಾ?"

"ಇಲ್ಲ."

"ಯಾಕೆ ಹಾಗೆ ಹೇಳಿದೆ?"

"ಎಲ್ಲರೂ ನನ್ನನ್ನ ಹೇಗಿದೀಯಾ ಅಂತ ಕೇಳಲಿ ಅಂತ."

"ನಾನು ದಿನಾ ಕೇಳ್ತಿದ್ದೆನಲ್ಲಪ್ಪಾ" ಎಂದಳು ಪುಟ್ಟಿ. "ನೀನು ಫೋನ್ ನೋಡ್ತಿದ್ದೆ."

ಅವನು ಎದೆ ಹಿಡಿದುಕೊಳ್ಳಲಿಲ್ಲ, ಕಣ್ಣೀರನ್ನೂ ಹಾಕಲಿಲ್ಲ. ಕುಳಿತಲ್ಲೇ ಕುಳಿತಿದ್ದ, ಯಾರೋ ಕಪಾಳಕ್ಕೆ ಹೊಡೆದ ಹಾಗೆ.

ಮರುದಿನ ಡಾಕ್ಟರನ್ನು ಕಂಡು, ಇಬ್ಬರೂ ಬೇಕರಿಗೆ ಹೋದರು. ಎಲ್ಲರನ್ನೂ ಸೇರಿಸಿ ಅವನು ಕ್ಷಮೆ ಕೇಳಲು ನಿಂತ. ಶುರುವಾದದ್ದು ಚೆನ್ನಾಗಿಯೇ. ಆದರೆ ಬರಬರುತ್ತ ಗಂಟಲು ಗದ್ಗದವಾಯಿತು, ಕೈ ಗಾಳಿಯಲ್ಲಿ ಆಡತೊಡಗಿತು. "ನನ್ನಂಥ ಪಾಪಿ ಈ ಲೋಕದಲ್ಲಿ..."

"ಸಾಕು ಮಾರಾಯ" ಎಂದ ಹಿಟ್ಟು ಕಲಸುವ ಗೆಳೆಯ. "ಕ್ಷಮೆ ಕೇಳೋವಾಗಲೂ ನೀನೇ ಹೀರೋ ಆಗಬೇಕಾ? ನನ್ನ ಮಗು ಮೊದಲ ಸಲ ಅತ್ತಿದ್ದು ನಾನು ಕೇಳಲಿಲ್ಲ. ಅದನ್ನ ವಾಪಸ್ ಕೊಡ್ತೀಯಾ?"

ಬೇಕರಿಯವನ ಕೈ ಕೆಳಗಿಳಿಯಿತು. "ಕೊಡಕ್ಕಾಗಲ್ಲ. ತಪ್ಪಾಯ್ತು" ಎಂದ. ಅಷ್ಟೇ. ಗೆಳೆಯ ಹಿಟ್ಟಿನ ಕಡೆ ತಿರುಗಿದ. ಅವನು ಮತ್ತೆ ನಗುತ್ತ ಮಾತಾಡಿಸಲು ಬಹಳ ಕಾಲ ಹಿಡಿಯಿತು.

ಈಗ ಬೇಕರಿಯವನು ತಪ್ಪದೆ ಸಮಾಲೋಚನೆಗೆ ಹೋಗುತ್ತಾನೆ. ಮಾತು ಹಿಗ್ಗಿಸುವ ಚಾಳಿ ಪೂರ್ತಿ ಹೋಗಿಲ್ಲ. ಹೋದಷ್ಟು ಹೋಗಿದೆ. ಅವನು ಒಲೆ ಕೆಲಸ ಮುಗಿಸಿ ಬಂದು ಸುಮ್ಮನೆ ಕುಳಿತರೆ, ಅವನ ತಾಯಿಯೇ ಮಂಚದಿಂದ ಇಳಿದು ಬಂದು, "ಇವತ್ತು ಹೇಗಿತ್ತಪ್ಪಾ ಕೆಲಸ?" ಎಂದು ಕೇಳುತ್ತಾರೆ. ಅವನೂ ತಿರುಗಿ, "ನೀನು ಹೇಗಿದೀಯಮ್ಮ?" ಎಂದು ಕೇಳುವುದನ್ನು ಕಲಿಯುತ್ತಿದ್ದಾನೆ. ಆದರೆ ತನ್ನ ಅಮ್ಮ ಒಂದು ಸಲ ಕೆಮ್ಮಿದರೂ ಸಾಕು, ಪುಟ್ಟಿ ಈಗಲೂ ಓದು ನಿಲ್ಲಿಸಿ ತಲೆ ಎತ್ತುತ್ತಾಳೆ. ಅದನ್ನು ನೋಡಿದಾಗಲೆಲ್ಲ ಅಪ್ಪ ತಲೆ ತಗ್ಗಿಸುತ್ತಾನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಅಂಥವರು ಇರಬಹುದು. ನಕ್ಕು ಬಿಟ್ಟುಬಿಡಬೇಡಿ, ಹಂಗಿಸಲೂ ಬೇಡಿ. ಸುಳ್ಳನ್ನು ಒಪ್ಪಬೇಡಿ, ಮನುಷ್ಯನನ್ನು ದೂರ ತಳ್ಳಬೇಡಿ. ನಿಮ್ಮ ಕೈಲಿ ಆಗದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಆಪ್ತಸಮಾಲೋಚಕರ ಬಳಿಗೋ ಹೋಗಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇದನ್ನು ಓದುತ್ತ ಎಲ್ಲೋ ಒಂದು ಕಡೆ 'ಇದು ನನ್ನ ಕಥೆಯೇ' ಎಂದು ಅನ್ನಿಸಿದ್ದರೆ, ಇವತ್ತೇ ಮನೆಯವರೊಬ್ಬರ ಪಕ್ಕದಲ್ಲಿ ಕುಳಿತು, ಹೇಗಿದ್ದೀರಿ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರಿ.